ಕಿಟಕಿ ಏಸಿಗೆ ಸೂರು: ಎರಡು ಸಲ ಎಡವಿ, ಮೂರನೇ ಸಲ ಮಾಡಿದ ಕೆಲಸ

ಏಸಿ ಕೆಳಗಿನ ಗೋಡೆಯಲ್ಲಿ ಒಂದು ಕಲೆ. ಮೊದಲು ಅಂಗೈ ಅಗಲ ಇತ್ತು. ನಾಲ್ಕು ಮಳೆ ಕಳೆಯುವಷ್ಟರಲ್ಲಿ ತಟ್ಟೆಯಷ್ಟಾಯಿತು. ಬಣ್ಣ ಉಬ್ಬಿಕೊಂಡು, ಉಗುರು ತಾಗಿಸಿದರೆ ಚಕ್ಕೆ ಚಕ್ಕೆಯಾಗಿ ಏಳುತ್ತಿತ್ತು. ಪೆನ್ಸಿಲ್ ತೆಗೆದುಕೊಂಡು ಕಲೆಯ ಅಂಚಿನ ಸುತ್ತ ಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆದೆ. ಈ ಇಡೀ ಕೆಲಸದಲ್ಲಿ ಮೊದಲ ದಿನವೇ ಸರಿಯಾಗಿ ಮಾಡಿದ್ದು ಅಂದರೆ ಇದೊಂದೇ.

ನನ್ನ ಲೆಕ್ಕ ಸರಳವಾಗಿತ್ತು. ಏಸಿಯ ಅರ್ಧ ಮೈ ಹೊರಗಿದೆ, ಮಳೆ ಅದರ ಮೇಲೆ ಬೀಳುತ್ತದೆ, ನೀರು ಅದರೊಳಗೆ ಹೊಕ್ಕು ಮನೆಯೊಳಗೆ ಬರುತ್ತಿದೆ. ಹಾಗಾದರೆ ಮಳೆ ಬೀಳದ ಹಾಗೆ ಮುಚ್ಚಿದರೆ ಮುಗಿಯಿತು, ಅಲ್ವಾ? ದಪ್ಪ ಪ್ಲಾಸ್ಟಿಕ್ ಹಾಳೆ ತಂದು ಮೇಲೆ, ಎರಡೂ ಪಕ್ಕ, ಹಿಂದೆ ಅರ್ಧದವರೆಗೆ ಸುತ್ತಿ ಹಗ್ಗ ಬಿಗಿದೆ. ನೋಡಲು ಬಿಗಿಯಾಗಿ ಕಟ್ಟಿದ ಗಂಟುಮೂಟೆಯ ಹಾಗಿತ್ತು.

ಅವತ್ತು ಮಧ್ಯಾಹ್ನ ಏಸಿ ಹಾಕಿ ಇಪ್ಪತ್ತು ನಿಮಿಷವೂ ಆಗಿರಲಿಲ್ಲ, ಕಂಪ್ರೆಸರ್ ಟಕ್ ಎಂದು ನಿಂತಿತು. ಫ್ಯಾನ್ ಮಾತ್ರ ತಿರುಗುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಗಿ ಮತ್ತೆ ನಿಂತಿತು. ಹೊರಗೆ ಹೋಗಿ ಪ್ಲಾಸ್ಟಿಕ್ ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ತಪ್ಪು ಆಗಲೇ ಗೊತ್ತಾಯಿತು.

ವಿಂಡೋ ಏಸಿಯ ಹೊರಮೈ ಪಕ್ಕಗಳಲ್ಲಿ ಸೀಳು ಸೀಳಾಗಿ ಕಿಂಡಿಗಳಿರುತ್ತವೆ. ಮೇಲೆ ಕೂಡ ಇರಬಹುದು. ಸುಮ್ನೆ ಅಂದಕ್ಕೆ ಇಟ್ಟದ್ದಲ್ಲ ಅವು. ಹೊರಗಿನ ಗಾಳಿ ಆ ಕಿಂಡಿಗಳಿಂದ ಒಳಗೆ ಹೋಗಿ, ಬಿಸಿ ಕಾಯಿಲನ್ನು, ಅಂದರೆ ಕೊಳವೆಯ ಸುರುಳಿಯನ್ನು ದಾಟಿ, ಹಿಂದಿನಿಂದ ಹೊರಗೆ ಬರುತ್ತದೆ. ಅಂದರೆ ಪಕ್ಕ ಮೂಗು, ಹಿಂಬದಿ ಬಾಯಿ. ನಾನು ಎರಡನ್ನೂ ಕಟ್ಟಿದ್ದೆ. ಅದರ ಮೇಲೆ ಶಾಖದ ಲೆಕ್ಕವೂ ಚಿಕ್ಕದಲ್ಲ. ಏಸಿಯ ಲೆಕ್ಕದಲ್ಲಿ 1 ಟನ್ ಎಂದರೆ ತೂಕವಲ್ಲ, ಗಂಟೆಗೆ 12,000 ಬಿಟಿಯು (ಶಾಖದ ಒಂದು ಅಳತೆ), ಸುಮಾರು 3.5 ಕಿಲೋವ್ಯಾಟ್. ನನ್ನದು ಒಂದೂವರೆ ಟನ್ನಿನದು. ಕೋಣೆಯಿಂದ ಎತ್ತಿ ಹೊರಗೆ ಹಾಕುವ ಶಾಖವೇ 5.3 ಕಿಲೋವ್ಯಾಟ್ ಹತ್ತಿರ. ಕಂಪ್ರೆಸರ್ ತಿನ್ನುವ ಕರೆಂಟು ಕೂಡ ಶಾಖವಾಗಿ ಅದೇ ದಾರಿಯಲ್ಲೇ ಹೋಗಬೇಕು. ಅಷ್ಟನ್ನೂ ಪ್ಲಾಸ್ಟಿಕ್ ಚೀಲದೊಳಗೆ ಬಿಟ್ಟರೆ ಇನ್ನೇನಾಗುತ್ತದೆ? ಓವರ್‌ಲೋಡ್ ಸ್ವಿಚ್ ತನ್ನ ಕೆಲಸ ಮಾಡಿ ಕಂಪ್ರೆಸರನ್ನು ಉಳಿಸಿತು.

ಎರಡನೇ ಪ್ರಯತ್ನಕ್ಕೆ ಸ್ವಲ್ಪ ಜಾಣತನ ಬಂದಿತ್ತು, ಪೂರ್ತಿ ಬಂದಿರಲಿಲ್ಲ. ಪ್ಲೈವುಡ್‌ನಲ್ಲಿ ಮೂರು ಕಡೆಯ ಪೆಟ್ಟಿಗೆ ಮಾಡಿದೆ. ಹಿಂಬದಿ ಪೂರ್ತಿ ತೆರೆದೇ ಇತ್ತು. ಪಕ್ಕದ ಹಲಗೆಗಳನ್ನು ಕಿಂಡಿಗಳಿಂದ 40 ಮಿ.ಮೀ. ದೂರ ಇಟ್ಟೆ. ಗಾಳಿಗೆ ಅಷ್ಟು ಸಾಕು ಅಂದುಕೊಂಡೆ. ಈ ಸಲ ಕಂಪ್ರೆಸರ್ ನಿಲ್ಲಲಿಲ್ಲ, ಆದರೆ ಕೋಣೆ ತಣ್ಣಗಾಗುವುದು ಯಾಕೋ ನಿಧಾನವಾಯಿತು. ತಂತಿ ಇರುವ ಥರ್ಮಾಮೀಟರ್ ತೆಗೆದುಕೊಂಡು ಅಳೆದೆ. ಆಚೆ ನೆರಳಿನಲ್ಲಿ 33 ಡಿಗ್ರಿ. ಪಕ್ಕದ ಕಿಂಡಿಯ ಬಾಯಲ್ಲಿ 41. ಹಿಂದಿನಿಂದ ಬಂದ ಬಿಸಿ ಗಾಳಿ ಹಲಗೆ ಸುತ್ತಿ ಮತ್ತೆ ಅದೇ 40 ಮಿ.ಮೀ. ಸಂದಿಗೆ ನುಗ್ಗುತ್ತಿತ್ತು. ತಾನು ಬಿಟ್ಟ ಉಸಿರನ್ನೇ ತಾನು ಎಳೆದುಕೊಳ್ಳುತ್ತಿತ್ತು. ಒಂದು ತಿಂಗಳಲ್ಲಿ ಪ್ಲೈವುಡ್ಡಿನ ಅಂಚು ನೀರು ಕುಡಿದು ಪುಸ್ತಕದ ಹಾಳೆಗಳ ಹಾಗೆ ಬಿಚ್ಚಿಕೊಂಡಿತು. ಕಿತ್ತೆಸೆದೆ.

ಗೋಡೆಯ ಕಲೆ ಪೆನ್ಸಿಲ್ ಗೆರೆ ದಾಟಿ ಎರಡು ಬೆರಳು ಮುಂದೆ ಹೋಗಿತ್ತು. ಅಂದರೆ ನನ್ನ ಎರಡೂ ಹೊದಿಕೆಗಳು ಏಸಿಗೆ ಕಷ್ಟ ಕೊಟ್ಟವೇ ಹೊರತು ಸೋರಿಕೆಯನ್ನು ಮುಟ್ಟಲೂ ಇಲ್ಲ.

ಆಗ ಕೂತು ಯೋಚಿಸಿದೆ. ಈ ಯಂತ್ರಕ್ಕೆ ಮಳೆ ಅಂದರೆ ಅಷ್ಟು ಭಯವೇ? ವಿಂಡೋ ಏಸಿಯಲ್ಲಿ ಫ್ಯಾನಿಗೆ ಸಾಮಾನ್ಯವಾಗಿ ಒಂದೇ ಮೋಟಾರು, ಅದರ ದಂಡ ಎರಡೂ ಕಡೆ ಚಾಚಿಕೊಂಡಿರುತ್ತದೆ. ಒಳಗಿನ ತುದಿಯಲ್ಲಿ ಬ್ಲೋವರ್, ಹೊರಗಿನ ತುದಿಯಲ್ಲಿ ಫ್ಯಾನ್. ಬಹಳಷ್ಟು ಮಾಡೆಲ್‌ಗಳಲ್ಲಿ ಆ ಫ್ಯಾನಿನ ರೆಕ್ಕೆಗಳ ತುದಿಗೆ ಒಂದು ಬಳೆ ಇರುತ್ತದೆ. ಒಳಗಿನ ತಣ್ಣನೆ ಕಾಯಿಲ್ ಬೆವರಿದ ನೀರು ಹಿಂದಕ್ಕೆ ಹರಿದು ತಳದ ಟ್ರೇಯಲ್ಲಿ ನಿಲ್ಲುತ್ತದೆ. ಬಳೆ ಆ ನೀರನ್ನು ಎತ್ತಿ ಬಿಸಿ ಕಾಯಿಲ್ ಮೇಲೆ ಎರಚುತ್ತದೆ. ನೀರು ಆವಿಯಾಗುತ್ತಾ ಕಾಯಿಲಿನ ಬಿಸಿ ಇಳಿಸುತ್ತದೆ. ಹಿಂದಿನಿಂದ ಕೇಳುವ ಚಳಚಳ ಸದ್ದು ಅದೇ. ತನ್ನ ಮೈಗೆ ತಾನೇ ನೀರು ಎರಚಿಕೊಳ್ಳುವ ಯಂತ್ರಕ್ಕೆ ನಾನು ಛತ್ರಿ ಹಿಡಿಯಲು ಹೋಗಿದ್ದೆ.

ಈ ಸದ್ದು ಕೇಳಿ ಹಿಂದೊಮ್ಮೆ ಸರ್ವೀಸಿಗೆ ಬಂದ ಹುಡುಗ, "ಸರ್, ಟ್ರೇಗೆ ಒಂದು ತೂತು ಹೊಡೆದುಬಿಡ್ಲಾ? ನೀರೆಲ್ಲ ಹೋಗುತ್ತೆ" ಅಂದಿದ್ದ. ಬೇಡ ಅಂದಿದ್ದೆ. ಆಗ ಬೇಡ ಅಂದದ್ದು ಸೋಮಾರಿತನಕ್ಕೆ. ಈಗ ಕಾರಣವೂ ಸಿಕ್ಕಿತು. ಬಳೆ ಇರುವ ಏಸಿಯಲ್ಲಿ ಆ ನೀರು ನಿಲ್ಲಬೇಕು, ಜಾಸ್ತಿಯಾದದ್ದು ಮಾತ್ರ ಕಂಪನಿಯೇ ಇಟ್ಟ ಡ್ರೈನ್ ತೂತಿನಿಂದ ಹೋಗಬೇಕು.

ಹಾಗಾದರೆ ಗೋಡೆ ನೆನೆಸುತ್ತಿರುವ ನೀರು ಯಾವುದು? ಎರಡು ಸಾಧ್ಯತೆ ಇತ್ತು. ಒಂದು ಮಳೆ ನೀರು, ಇನ್ನೊಂದು ಏಸಿಯದೇ ಬೆವರು. ಬೇರೆ ಮಾಡುವುದು ಸುಲಭ. ಒಣ ದಿನದಲ್ಲಿ ಏಸಿ ಓಡಿಸಿ ನೋಡಬೇಕು, ಮಳೆ ದಿನದಲ್ಲಿ ಏಸಿ ಆರಿಸಿ ನೋಡಬೇಕು. ಎರಡೂ ಮಾಡಿದೆ. ನನ್ನ ಅದೃಷ್ಟಕ್ಕೆ ಎರಡರಲ್ಲೂ ಗೋಡೆ ಒದ್ದೆಯಾಯಿತು. ಒಣ ದಿನ ಸ್ವಲ್ಪ, ಮಳೆ ದಿನ ಬಹಳ.

ಮಳೆ ನೀರಿನ ದಾರಿ ಹುಡುಕಲು ಪೈಪು ಹಿಡಿದು ಒಟ್ಟಿಗೆ ನೀರು ಹೊಡೆದರೆ ಏನೂ ತಿಳಿಯುವುದಿಲ್ಲ. ಮುಚ್ಚಳಕ್ಕೆ ತೂತು ಮಾಡಿದ ಬಾಟಲಿ ಹಿಡಿದು ಕೆಳಗಿನಿಂದ ಶುರು ಮಾಡಿದೆ. ಏಸಿ ಪ್ಲಗ್ ಕಿತ್ತಿಟ್ಟಿದ್ದೆ. ಮೊದಲು ಹೊರಗಿನ ಕಟ್ಟೆ. ಹತ್ತು ನಿಮಿಷ ಕಾದೆ. ಒಳಗೆ ತಮ್ಮ ಟಾರ್ಚ್ ಹಿಡಿದು ನಿಂತಿದ್ದ. ಆಮೇಲೆ ಎಡ ಸಂದು, ಹತ್ತು ನಿಮಿಷ. ಬಲ ಸಂದು, ಹತ್ತು ನಿಮಿಷ. ಕೆಳಗಿನಿಂದ ಯಾಕೆ ಅಂದರೆ, ಮೇಲಿನಿಂದ ಹಾಕಿದ ನೀರು ಇಳಿಯುತ್ತಾ ಎಲ್ಲ ಸಂದುಗಳನ್ನೂ ಮುಟ್ಟುತ್ತದೆ, ಯಾವುದು ಕಳ್ಳ ಅಂತ ಗೊತ್ತಾಗುವುದಿಲ್ಲ. ಏಸಿಯ ನೆತ್ತಿಗೂ ಕಿಟಕಿ ಚೌಕಟ್ಟಿಗೂ ನಡುವಿನ ಸಂದಿಗೆ ನೀರು ಬಿಟ್ಟು ಮೂರು ನಿಮಿಷ ಆಗಿಲ್ಲ, "ಅಣ್ಣಾ, ಬಂತು!" ಎಂದ. ನೀರು ನೆತ್ತಿಯಿಂದ ಒಳಗೆ ಜಾರಿ, ಹೊರಪೆಟ್ಟಿಗೆಯ ಪಕ್ಕದಲ್ಲಿ ಇಳಿದು, ಕೆಳಗಿನ ಗಾರೆಗೆ ಸೇರುತ್ತಿತ್ತು. ಕಲೆ ಕೆಳಗೆ, ತೂತು ಮೇಲೆ.

ಆ ಸಂದಿನಲ್ಲಿ ಅಳವಡಿಸಿದವರು ತುಂಬಿದ್ದ ಸ್ಪಂಜು ಇತ್ತು. ಹೊರಗೆಳೆದು ಹಿಂಡಿದೆ, ನೀರು ಸುರಿಯಿತು. ಪಾತ್ರೆ ತಿಕ್ಕುವ ಸ್ಪಂಜಿನ ಜಾತಿಯದು, ಉದ್ದಕ್ಕೂ ತೆರೆದ ತೂತುಗಳು. ಮಳೆ ತಡೆಯಲು ಇಟ್ಟ ವಸ್ತು ಮಳೆಯನ್ನು ಕುಡಿದು ಇಟ್ಟುಕೊಂಡು, ಬಿಸಿಲು ಬಂದ ಮೇಲೂ ನಿಧಾನವಾಗಿ ಒಳಗೆ ಹನಿಸುತ್ತಿತ್ತು.

ಇನ್ನು ಒಣ ದಿನದ ನೀರು. ಏಸಿಯ ಮೇಲೆ ರಸಮಟ್ಟ ಇಟ್ಟ ತಮ್ಮ ನಕ್ಕ. "ಅಣ್ಣಾ, ಇದು ಒಳಕ್ಕೇ ವಾಲಿದೆ." ನಿಜ, ಮಟ್ಟದ ಗುಳ್ಳೆ ಹೊರಗಡೆಗೆ ಓಡಿತ್ತು. ಹಿಂಬದಿ 3 ಮಿ.ಮೀ. ಎತ್ತರದಲ್ಲಿತ್ತು. ಬೆವರಿನ ನೀರು ಹಿಂದಕ್ಕೆ ಹೋಗುವ ಬದಲು ಮುಂದೆಯೇ ನಿಂತು ಅಂಚು ದಾಟುತ್ತಿತ್ತು. ಹೊರಗಿನ ಕಟ್ಟೆಯ ವಾಟವೂ ಒಳಮುಖವಾಗಿತ್ತು, ಅದು ಮನೆ ಕಟ್ಟಿದವರ ಕೊಡುಗೆ.

ಅಂದರೆ ಸೂರಿಗೆ ಮೊದಲು ಮೂರು ಕೆಲಸ ಬಾಕಿ ಇತ್ತು.

ಏಸಿ ಇಳಿಸುವುದು ಒಬ್ಬನ ಕೆಲಸವಲ್ಲ. ಒಂದೂವರೆ ಟನ್ನಿನದು 50 ಕಿಲೋ ಆಸುಪಾಸು ತೂಗುತ್ತದೆ, ಅದರಲ್ಲಿ ಕಂಪ್ರೆಸರ್ ಇರುವ ಕಡೆಗೇ ಭಾರ ಜಾಸ್ತಿ. ಮುಂಭಾಗದ ಜಾಲಿ ತೆಗೆದು, ಸ್ಕ್ರೂ ಬಿಚ್ಚಿ, ಹೊರಪೆಟ್ಟಿಗೆಯನ್ನು ಗೋಡೆಯಲ್ಲೇ ಬಿಟ್ಟು ಒಳಗಿನ ಯಂತ್ರವನ್ನು ಮಾತ್ರ ಡ್ರಾಯರ್ ಎಳೆದ ಹಾಗೆ ಕೋಣೆಯೊಳಕ್ಕೆ ಎಳೆದೆವು. ಕಾಯಿಲನ್ನು ಹಿಡಿದು ಎತ್ತಬಾರದು, ಅದರ ಮೇಲಿನ ತೆಳು ತಗಡಿನ ಫಿನ್‌ಗಳು ಮಡಚುತ್ತವೆ, ಬೆರಳೂ ಕೊಯ್ಯುತ್ತದೆ. ಯಂತ್ರವನ್ನು ನೇರವಾಗಿಯೇ ಇಡಬೇಕು. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಕೊಳವೆಗೆ ಹರಿಯುತ್ತದೆ. ಪ್ಲಗ್ ಕಿತ್ತಿದ್ದರೂ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರುತ್ತದೆ, ಆ ಮೂಲೆಗೆ ಕೈ ಹಾಕಲಿಲ್ಲ.

ಟ್ರೇ ನೋಡಿದರೆ ಬೇಸರವಾಯಿತು. ಕೆಸರು, ಒಣಗಿದ ಎಲೆ, ಕಣಜದ ಗೂಡಿನ ಮಣ್ಣು. ಡ್ರೈನ್ ತೂತು ಪೂರ್ತಿ ಕಟ್ಟಿತ್ತು. ಒಂದು ಮೂಲೆಯಲ್ಲಿ ತುಕ್ಕು. ತಂತಿ ಬ್ರಷ್ಷಿನಿಂದ ಉಜ್ಜಿ, ಸಡಿಲವಾದದ್ದೆಲ್ಲ ಉದುರಿಸಿ, ಫಾಸ್ಫಾರಿಕ್ ಆಮ್ಲವಿರುವ ತುಕ್ಕು ದ್ರಾವಣ ಹಚ್ಚಿದೆ. ಅದು ಉಳಿದ ತುಕ್ಕನ್ನು ಕಪ್ಪು ಪದರ ಮಾಡುತ್ತದೆ, ಅದರ ಮೇಲೆ ಬಣ್ಣ ಹಿಡಿಯುತ್ತದೆ. ಒಣಗಿದ ಮೇಲೆ ಎರಡು ಕೋಟ್ ಎಪಾಕ್ಸಿ ಬಣ್ಣ. ತಾಮ್ರದ ಕೊಳವೆಗಳಿಗೆ ದ್ರಾವಣ ಸಿಡಿಯದ ಹಾಗೆ ಬಟ್ಟೆ ಸುತ್ತಿದ್ದೆ. ಮಡಚಿದ ಫಿನ್‌ಗಳನ್ನು ಬಾಚಣಿಗೆಯಂಥ ಸಾಧನದಿಂದ ನೇರ ಮಾಡಿದೆ. ತಾಳ್ಮೆ ಪರೀಕ್ಷಿಸುವ ಕೆಲಸ, ಅರ್ಧಕ್ಕೇ ಸಾಕಾಯಿತು.

ಹೊರಗಿನ ಕಟ್ಟೆಗೆ ಸಿಮೆಂಟ್ ಗಾರೆ ಹಾಕಿ ಹೊರಕ್ಕೆ ವಾಟ ಕೊಟ್ಟೆ. ಹೊರಪೆಟ್ಟಿಗೆಯ ಮುಂದಿನ ಭಾಗದಡಿ ಗಟ್ಟಿ ರಬ್ಬರ್ ತುಂಡು ಇಟ್ಟು ಹಿಂಬದಿ 6 ಮಿ.ಮೀ. ತಗ್ಗಿರುವ ಹಾಗೆ ಕೂರಿಸಿದೆ. ಇಲ್ಲಿ ಒಂದು ಮಾತು. ಕೆಲವು ಮಾಡೆಲ್‌ಗಳಲ್ಲಿ ಟ್ರೇಯೊಳಗೇ ವಾಟ ಇರುತ್ತದೆ, ಅವನ್ನು ಸಮಮಟ್ಟದಲ್ಲೇ ಕೂರಿಸಬೇಕು. ಕೈಪಿಡಿಯಲ್ಲಿ ಬರೆದಿರುತ್ತದೆ. ಜಾಸ್ತಿ ವಾಲಿಸಿದರೆ ಬಳೆಗೆ ನೀರು ಸಿಗುವುದಿಲ್ಲ, ಎಲ್ಲ ಹಿಂದೆಯೇ ಹರಿದು ಹೋಗುತ್ತದೆ.

ಸಂದು ತುಂಬುವ ಕೆಲಸಕ್ಕೆ ನಾನು ಅರ್ಧ ದಿನ ಕೊಟ್ಟೆ. ನಿಜವಾದ ಸೋರಿಕೆ ಅಲ್ಲೇ ಇದ್ದದ್ದು. ನೆತ್ತಿಯ ಸಂದು 12 ಮಿ.ಮೀ. ಅಷ್ಟು ಅಗಲಕ್ಕೆ ನೇರವಾಗಿ ಸಿಲಿಕಾನ್ (ಟ್ಯೂಬಿನಲ್ಲಿ ಬರುವ, ರಬ್ಬರಿನ ಹಾಗೆ ಒಣಗುವ ಅಂಟು) ತುಂಬಿದರೆ ನಿಲ್ಲುವುದಿಲ್ಲ. ಒಳಗೆ ಮೊದಲು ಫೋಮ್ ಹಗ್ಗ ತುರುಕಬೇಕು, ಮುಚ್ಚಿದ ಗುಳ್ಳೆಗಳ ಜಾತಿಯದು, ನೀರು ಕುಡಿಯದ್ದು. ಸಂದಿಗಿಂತ ಕಾಲು ಭಾಗ ದಪ್ಪ ಇದ್ದರೆ ಬಿಗಿಯಾಗಿ ಕೂರುತ್ತದೆ, ನಾನು 15 ಮಿ.ಮೀ. ಬಳಸಿದೆ. ಅದರ ಮೇಲೆ 6 ಮಿ.ಮೀ. ಆಳಕ್ಕೆ ಸಿಲಿಕಾನ್. ಹಗ್ಗದ ಉಪಯೋಗ ಬರೀ ಸಿಲಿಕಾನ್ ಉಳಿಸುವುದಲ್ಲ. ಸಿಲಿಕಾನ್ ಎರಡು ದಡಗಳಿಗೆ ಮಾತ್ರ ಅಂಟಿ ತಳಕ್ಕೆ ಅಂಟದಿದ್ದರೆ ರಬ್ಬರ್ ಬ್ಯಾಂಡಿನ ಹಾಗೆ ಹಿಗ್ಗಿ ಕುಗ್ಗುತ್ತದೆ. ಮೂರು ಕಡೆಯೂ ಅಂಟಿದರೆ ಬಿಸಿಲಿಗೆ ಹಿಗ್ಗುವಾಗ ಎಲ್ಲಾದರೂ ಹರಿಯುತ್ತದೆ.

ಸಿಲಿಕಾನಿನಲ್ಲೂ ಎರಡು ಜಾತಿ. ಒಣಗುವಾಗ ವಿನೆಗರ್ ವಾಸನೆ ಬಂದರೆ ಅದು ಅಸಿಟಿಕ್ ಆಮ್ಲ ಬಿಡುವ ಬಗೆ. ತಾಮ್ರಕ್ಕೆ, ಸತು ಲೇಪಿಸಿದ ತಗಡಿಗೆ ಅದು ಒಳ್ಳೆಯದಲ್ಲ, ಸಿಮೆಂಟಿಗೂ ಸರಿಯಾಗಿ ಹಿಡಿಯುವುದಿಲ್ಲ. ನ್ಯೂಟ್ರಲ್ ಎಂದು ಬರೆದಿರುವ ಟ್ಯೂಬ್ ಬೇಕು. ನನ್ನ ಬಳಿ ಹಳೆಯ ಹುಳಿ ವಾಸನೆಯ ಅರ್ಧ ಟ್ಯೂಬ್ ಇತ್ತು, ಕೈ ಅದರ ಕಡೆಗೇ ಹೋಗುತ್ತಿತ್ತು. ಕಷ್ಟಪಟ್ಟು ತಡೆದುಕೊಂಡೆ.

ಹಚ್ಚಿದ್ದು ಹೊರಪೆಟ್ಟಿಗೆಗೂ ಚೌಕಟ್ಟಿಗೂ ನಡುವೆ ಮಾತ್ರ. ಒಳಗಿನ ಯಂತ್ರಕ್ಕೂ ಪೆಟ್ಟಿಗೆಗೂ ನಡುವೆ ಒಂದು ಹನಿಯನ್ನೂ ಹಚ್ಚಬಾರದು, ಮುಂದಿನ ಸರ್ವೀಸಿಗೆ ಎಳೆಯಲು ಬರುವುದಿಲ್ಲ. ಹೊರಗಡೆ ಕೆಳ ಅಂಚಿನಲ್ಲಿ ಎರಡು ಕಡೆ ಬೆರಳಗಲ ಜಾಗ ಬೇಕೆಂದೇ ಬಿಟ್ಟೆ. ಹೇಗೋ ಒಳಗೆ ಬಂದ ನೀರಿಗೆ ಹೊರಗೆ ಹೋಗುವ ದಾರಿ ಬೇಡವೇ?

ಇಷ್ಟಾದ ಮೇಲೆ ಸೂರು ಬೇಕೇ ಎಂದು ತಮ್ಮ ಕೇಳಿದ. ಬೇಕು. ಏಸಿಗಲ್ಲ, ಆ ನೆತ್ತಿಯ ಸಂದಿಗೆ. ಯಾವ ಸಿಲಿಕಾನೂ ಬಿಸಿಲು ಮಳೆಗೆ ಎಂದೆಂದೂ ಬಾಳುವುದಿಲ್ಲ. ನೀರು ಅದರ ಮೇಲೆ ಬೀಳುವುದೇ ಕಡಿಮೆಯಾದರೆ ಅಷ್ಟರ ಮಟ್ಟಿಗೆ ಬಾಳಿಕೆ.

1 ಮಿ.ಮೀ. ದಪ್ಪದ ಅಲ್ಯೂಮಿನಿಯಂ ತಗಡು ಆರಿಸಿದೆ. ಏಸಿಯ ಅಗಲ 660 ಮಿ.ಮೀ., ಸೂರಿನ ಅಗಲ 960. ಎರಡೂ ಕಡೆ 150 ಜಾಸ್ತಿ, ಎರಚಲು ಹೊಡೆಯುವುದು ಪಕ್ಕದಿಂದ ತಾನೇ. ಗೋಡೆಯಿಂದ 450 ಮಿ.ಮೀ. ಹೊರಚಾಚು. ಗೋಡೆಯ ಬಳಿ ಏಸಿಯ ನೆತ್ತಿಗಿಂತ 200 ಮಿ.ಮೀ. ಮೇಲೆ, ತುದಿಯಲ್ಲಿ 120. ಪಕ್ಕಕ್ಕೆ ಹಲಗೆಯಿಲ್ಲ, ಹಿಂದೆ ಏನೂ ಇಲ್ಲ. ಪ್ಲೈವುಡ್ ಕಲಿಸಿದ ಪಾಠ ಮರೆತಿರಲಿಲ್ಲ.

ತಗಡನ್ನು ಎರಡು ಮರದ ಪಟ್ಟಿಗಳ ನಡುವೆ ಬಿಗಿದು ರಬ್ಬರ್ ಸುತ್ತಿಗೆಯಿಂದ ಬಡಿದು ಮಡಚಿದೆ. ಗೋಡೆ ಕಡೆ 50 ಮಿ.ಮೀ. ಮೇಲಕ್ಕೆ. ಪಕ್ಕದ ಅಂಚುಗಳು 10 ಮಿ.ಮೀ. ಮೇಲಕ್ಕೆ, ನೀರು ಪಕ್ಕಕ್ಕೆ ಚೆಲ್ಲದೆ ಮುಂದೆಯೇ ಹೋಗಲಿ ಎಂದು. ಮುಂದಿನ ಅಂಚು 15 ಮಿ.ಮೀ. ಕೆಳಕ್ಕೆ. ಈ ಕೆಳಮಡಿಕೆ ಮರೆಯಬಾರದು. ಇಲ್ಲದಿದ್ದರೆ ಹನಿ ಅಂಚಿನಿಂದ ಬೀಳದೆ ತಗಡಿನ ಅಡಿಗೆ ಅಂಟಿಕೊಂಡು ಗಾಳಿಗೆ ಹಿಂದೆ ಹಿಂದೆ ತೆವಳುತ್ತದೆ. ಕಿಟಕಿ ಮೇಲಿನ ಸಜ್ಜಾದ ಅಡಿಯಲ್ಲಿ ಗೆರೆಯಂಥ ತೋಡು ಬಿಡುವುದೂ ಇದಕ್ಕೇ.

ಮೇಲ್ಮಡಿಕೆಯನ್ನು ಗೋಡೆಗೆ ಬರೀ ಅಂಟಿಸಿದರೆ ನೀರು ಹಿಂದಿನಿಂದ ಇಳಿಯುತ್ತದೆ. ಗಾರೆಯಲ್ಲಿ 10 ಮಿ.ಮೀ. ಆಳದ ತೋಡು ಕೊರೆದು, ಇನ್ನೊಂದು ಸಣ್ಣ ತಗಡು ಪಟ್ಟಿಯ ಮೇಲಂಚನ್ನು ಅದರೊಳಗೆ ಸಿಕ್ಕಿಸಿ, ಕೆಳಂಚು ಸೂರಿನ ಮೇಲ್ಮಡಿಕೆಯನ್ನು ಹೊದೆಯುವ ಹಾಗೆ ಮಾಡಿದೆ. ಹೆಂಚು ಹೊದಿಸುವ ಲೆಕ್ಕವೇ, ಮೇಲಿನದು ಕೆಳಗಿನದರ ಮೇಲೆ ಬರಬೇಕು. ತೋಡಿಗೆ ನ್ಯೂಟ್ರಲ್ ಸಿಲಿಕಾನ್.

ತಗಡು ಒಂದೂವರೆ ಕಿಲೋ ಕೂಡ ಇಲ್ಲ, ಭಾರದ ಚಿಂತೆಯಿಲ್ಲ. ಚಿಂತೆ ಗಾಳಿಯದು. ಕೆಳಗಿನಿಂದ ಎತ್ತುತ್ತದೆ. ಅದಕ್ಕೆ ಎರಡು ಕೊನೆಗಳಲ್ಲಿ ಓರೆ ಆಧಾರವಿರುವ ಬ್ರಾಕೆಟ್, ಗೋಡೆಗೆ ಆಂಕರ್ ಬೋಲ್ಟ್. ಬ್ರಾಕೆಟ್ ಕಬ್ಬಿಣದ್ದು, ಬಣ್ಣ ಹೊಡೆದದ್ದು. ಅಲ್ಯೂಮಿನಿಯಂ ಅದಕ್ಕೆ ನೇರವಾಗಿ ತಾಗಿ ನೀರು ಸೇರಿದರೆ ಅಲ್ಯೂಮಿನಿಯಂ ಸವೆಯುತ್ತದೆ, ನಡುವೆ ರಬ್ಬರ್ ಪಟ್ಟಿ ಹಾಕಿದೆ. ಸ್ಕ್ರೂ ಸ್ಟೇನ್‌ಲೆಸ್, ಅಡಿಗೆ ರಬ್ಬರ್ ವಾಷರ್. ತೂತುಗಳನ್ನು ಸ್ಕ್ರೂಗಿಂತ 2 ಮಿ.ಮೀ. ದೊಡ್ಡದಾಗಿ ಕೊರೆದೆ. 50 ಡಿಗ್ರಿ ವ್ಯತ್ಯಾಸಕ್ಕೆ ಈ ಅಗಲದ ಅಲ್ಯೂಮಿನಿಯಂ ಸುಮಾರು 1 ಮಿ.ಮೀ. ಹಿಗ್ಗುತ್ತದೆ, ಜಾಗ ಇಲ್ಲದಿದ್ದರೆ ತಗಡು ಉಬ್ಬಿ ಡಬ್ ಡಬ್ ಎನ್ನುತ್ತದೆ. ಏಸಿಯ ಮೈಗೆ ಮಾತ್ರ ಒಂದು ಸ್ಕ್ರೂ ಕೂಡ ಹೊಡೆಯಲಿಲ್ಲ. ತಗಡಿನ ಹಿಂದೆ ಅನಿಲದ ಕೊಳವೆ ಎಲ್ಲಿದೆ ಎಂದು ಯಾರು ಕಂಡಿದ್ದಾರೆ?

ಮತ್ತೆ ಥರ್ಮಾಮೀಟರ್ ಇಟ್ಟೆ. ಆಚೆ 33, ಕಿಂಡಿಯ ಬಾಯಲ್ಲಿ 34. ಬಾಟಲಿ ಪರೀಕ್ಷೆಯಲ್ಲೂ ಒಳಗೆ ಒಣ. ಆದರೆ ಮೊದಲ ಮಳೆಗೆ ಮನೆಯವರೆಲ್ಲ ಎದ್ದು ಕೂತರು. ತಗಡಿನ ಮೇಲೆ ಮಳೆ ಬಿದ್ದರೆ ತಮಟೆಯೇ! ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಮಾರನೇ ದಿನ ತಗಡಿನ ಅಡಿಗೆ ಬ್ಯೂಟೈಲ್ ಎಂಬ ರಬ್ಬರಿನ ಅಂಟುಪಟ್ಟಿಯನ್ನು ಅಂಗೈ ಅಗಲದ ತುಂಡುಗಳಾಗಿ ಅಲ್ಲಲ್ಲಿ ಒತ್ತಿದೆ. ಸದ್ದು ಪೂರ್ತಿ ಹೋಗಲಿಲ್ಲ, ನಿದ್ದೆ ಕೆಡಿಸುವಷ್ಟಿಲ್ಲ.

ಏಸಿ ಬಳಸದ ತಿಂಗಳುಗಳಿಗೆ ಬಟ್ಟೆಯ ಹೊದಿಕೆ ಹೊಲಿಸಿದ್ದೇನೆ. ಕೆಳಗೆ ತೆರೆದೇ ಇರುತ್ತದೆ, ಒಳಗಿನ ತೇವ ಹೋಗಬೇಕಲ್ಲ. ಅದನ್ನು ಹಾಕಿದ ದಿನ ಪ್ಲಗ್ ಕಿತ್ತು, ಪ್ಲಗ್ಗಿಗೇ "ಹೊದಿಕೆ ತೆಗೆದ ಮೇಲೆ ಪ್ಲಗ್ ಹಾಕಿ" ಎಂಬ ಚೀಟಿ ಕಟ್ಟುತ್ತೇನೆ. ಪ್ಲಾಸ್ಟಿಕ್ ಮೂಟೆಯ ದಿನ ಇನ್ನೂ ನೆನಪಿದೆ.

ಗೋಡೆ ಒಣಗಲು ಮೂರು ವಾರ ಹಿಡಿಯಿತು. ಪೆನ್ಸಿಲ್ ಗೆರೆಯ ಒಳಗೆ ಈಗ ಬರೀ ಹಳದಿ ಗುರುತು. ಬಣ್ಣ ಇನ್ನೂ ಹೊಡೆದಿಲ್ಲ, ಇನ್ನೊಂದು ಜೋರು ಮಳೆ ನೋಡಿ ಹೊಡೆಯೋಣ ಎಂದಿದ್ದೇನೆ. ಒಂದು ಸಣ್ಣ ಕಿರಿಕಿರಿ ಮಾತ್ರ ಉಳಿದಿತ್ತು. ಸೂರಿನ ಬಲ ತುದಿಯ ಹನಿ ನೇರವಾಗಿ ಕೆಳಗಿನ ಪೈಪಿನ ಮೇಲೆ ಬಿದ್ದು ರಾತ್ರಿಯೆಲ್ಲ ಟಕ್ ಟಕ್ ಎನ್ನುತ್ತಿತ್ತು. ಆ ಮೂಲೆಗೆ ಒಂದು ನೈಲಾನ್ ದಾರ ಕಟ್ಟಿ ಕಟ್ಟೆಯವರೆಗೆ ಇಳಿಬಿಟ್ಟೆ. ಈಗ ಹನಿ ದಾರ ಹಿಡಿದುಕೊಂಡು ಸದ್ದಿಲ್ಲದೆ ಇಳಿಯುತ್ತದೆ.